ಬಿಚ್ಚತೇನಿ, ಕಟ್ಟತೇನಿ

ಅವರು ಹೋದ ಸುದ್ದಿಯನ್ನು ನಮ್ಮ ಕಚೇರಿಗೆ ಮುಟ್ಟಿಸಿದವನು ಹಿರೇಕೆರೂರು ಬಸ್ಸಿನ ಕಂಡಕ್ಟರ್. ಟಪಾಲಿನ ಚೀಲ ಕೊಟ್ಟು ಹೋಗುವವನು ಬಾಗಿಲಲ್ಲೇ ನಿಂತು, "ನಿಮ್ಮ ಹಳೇ ಓವರ್‌ಸೀರ್ ಸಾಹೇಬ್ರು ತೀರಿಕೊಂಡ್ರಂತ್ರಿ, ಮೊನ್ನಿ ಸ್ವಾಮಾರ" ಅಂದ. ಹೆಡ್‌ಕ್ಲಾರ್ಕರು ಪೆನ್ನು ಕೆಳಗಿಟ್ಟರು. ಜವಾನ, "ಬಾಳ ಚಲೋ ಮನಶ್ಯಾ, ಅಂಥಾವ್ರು ಇನ್ನ ಹುಟ್ಟಂಗಿಲ್ಲ ಬಿಡ್ರಿ" ಅಂದ. ಆಮೇಲೆ ಎಲ್ಲರೂ ನನ್ನ ಮುಖ ನೋಡಿದರು. ಅವರ ಜೊತೆ ಹೆಚ್ಚು ಕೆಲಸ ಮಾಡಿದವಳು ನಾನೇ ಅಲ್ಲವೇ? "ಹೌದ್ರಿ, ಒಳ್ಳೇವರು" ಅಂದು ಟೈಪ್ ಮಷಿನ್ನಿಗೆ ಕಾಗದ ಏರಿಸಿದೆ. ಅವತ್ತು ಒಂದೇ ಪತ್ರವನ್ನು ನಾಲ್ಕು ಸಲ ತಪ್ಪು ಹೊಡೆದೆ.

ನಾನಂದದ್ದು ಸುಳ್ಳಲ್ಲ. ಅದಕ್ಕೇ ಇಷ್ಟು ಸಿಟ್ಟು. ಕೆಟ್ಟವರೊಬ್ಬರು ಮೋಸ ಮಾಡಿದ್ದರೆ ನಾಲ್ಕು ಬೈಗುಳ ಬೈದು ಕೈ ತೊಳೆದುಕೊಳ್ಳಬಹುದಿತ್ತು. ಇವರ ಹೆಸರನ್ನು ನಾನು ಬರೆಯುವುದಿಲ್ಲ. ಹೆಂಡತಿ ಮಕ್ಕಳಿದ್ದಾರೆ, ಅವರದೇನು ತಪ್ಪು?

ಕಾಗದಪತ್ರವೆಲ್ಲ ಕನ್ನಡದಲ್ಲೇ ಆಗಬೇಕೆಂದು ಸರಕಾರ ಹುಕುಂ ಮಾಡಿದ ಕಾಲ ಅದು. ಹಾನಗಲ್ಲಿನ ನಮ್ಮ ಕಾಲುವೆ ಕಚೇರಿಗೆ ಒಂದು ಕನ್ನಡ ಮಷಿನ್ ಬಂತು, ಅದರ ಹಿಂದೆಯೇ ನಾನು ಬಂದೆ. ಇಬ್ಬರೂ ಯಾರಿಗೂ ಬೇಡವಾಗಿದ್ದೆವು. ನನ್ನ ಮೇಜಿನ ಎದುರಿಗೆ ಮೊದಲು ಕುರ್ಚಿ ಎಳೆದುಕೊಂಡು ಕುಳಿತವರು ಅವರು. "ನೋಡು ತಂಗಿ, ಕಾಲುವಿಗೆ ನಾವು ಕಾಲುವಿ ಅಂತನ ಬರಿಯೂದು. ಯಾವನರ ಬಂದು 'ಜಲವಾಹಿನಿ' ಗಿಲವಾಹಿನಿ ಅಂದ್ರ ಅವನ್ನ ಅದರಾಗ ದಬ್ಬತೇನಿ" ಅಂದರು. ನಾನು ನಕ್ಕೆ. ನೌಕರಿಗೆ ಸೇರಿ ಹದಿನೈದು ದಿನಕ್ಕೆ ಮೊದಲನೆಯ ಸಲ ನಕ್ಕದ್ದು.

ಎತ್ತರದ ಸಣಕಲು ಆಳು. ಕೊಡೆಯ ಕೋಲಿಗೆ ಚಾಕುವಿನಿಂದ ಗೆರೆ ಕೊರೆದುಕೊಂಡಿದ್ದರು. ಬಿಸಿಲಿಗೆ ಕೊಡೆ, ನೀರಿಗೆ ಇಳಿಸಿದರೆ ಅಳತೆಗೋಲು. ಮಳೆಗಾಲದಲ್ಲಿ ಮಾತ್ರ ಅದನ್ನು ಬಿಚ್ಚುತ್ತಿರಲಿಲ್ಲ, ಬಟ್ಟೆ ಹರಿದಿತ್ತು. ಕಾಲಿಗೆ ಬಿಳಿಯ ಕ್ಯಾನ್ವಾಸ್ ಬೂಟು. ತಾಯಿಯ ಮನೆ ಸವಣೂರಿನ ಕಡೆ, ಪ್ರತಿ ಸೋಮವಾರ ಅಲ್ಲಿಂದ ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆ, ಒಂದು ಪೊಟ್ಟಣ ಖಾರ. ಖಾರ ಎಲ್ಲರಿಗೂ. ಎಲೆಯನ್ನು ಮಾತ್ರ ಒಂದೊಂದಾಗಿ ಅಂಗೈಯಲ್ಲಿ ಒರೆಸಿ ತಾವೇ ಕೊಡುತ್ತಿದ್ದರು. "ತಿನ್ನವಾ. ಇದು ಬಾವಿ ನೀರಿನ ಎಲಿ. ನಾ ಸಣ್ಣಾಂವ ಇದ್ದಾಗ ಹೊಳಿ ನೀರಿನ ಎಲಿ ಬರ್ತಿತ್ತು. ಬಾಯಾಗಿಟ್ರ ಕರಗತಿತ್ತು. ಈಗ ಅಲ್ಲಿ ಹೊಳಿ ಇಲ್ಲ, ಹೊಳಿ ಗುರ್ತು ಐತಿ."

ಅವರ ಹತ್ತಿರ ಖಾಕಿ ರಟ್ಟಿನ ಒಂದು ವಹಿ ಇತ್ತು. ರೈತರ ಬಾಯಲ್ಲಿ ನೀರಿನ ಬಗ್ಗೆ ಏನು ಮಾತು ಬಂದರೂ ಅದರಲ್ಲಿ ಏರಿಸುವುದು. ಎಡಕ್ಕೆ ಮಾತು, ಬಲಕ್ಕೆ ಅರ್ಥ. ಆದರೆ ಅಲ್ಲಿಗೆ ಮುಗಿಯಲಿಲ್ಲ. ಆ ಮಾತು ಯಾವುದರ ಬಗ್ಗೆಯೋ ಅದನ್ನು ಸ್ವತಃ ಹೋಗಿ ನೋಡಿ ಬಂದ ಮೇಲೆ ಕೆಂಪು ಪೆನ್ಸಿಲಿನಿಂದ "ಕಂಡೆ" ಎಂದು ಬರೆದು ತಾರೀಕು ಹಾಕುವರು. ಒಮ್ಮೆ ಅಕ್ಕಿಆಲೂರಿನ ಕಡೆಯ ಮುದುಕನೊಬ್ಬ ಏರಿಯಲ್ಲಿ "ಇಲಿಗಣ್ಣು" ಬಿದ್ದಿದೆ ಎಂದು ದೂರು ತಂದ. ಇಲಿ ತೋಡಿದ ತೂತಿನಿಂದ ನೀರು ಜಿನುಗುವುದಂತೆ. ಕೇಳಿ ಬರೆದುಕೊಂಡರೆ ಸಾಕಿತ್ತು. ಸೈಕಲ್ಲು ತುಳಿದುಕೊಂಡು ಹೋಗಿ, ಮೊಣಕಾಲವರೆಗೆ ಕೆಸರು ಮಾಡಿಕೊಂಡು ಬಂದು ವಹಿ ತೆಗೆದರು. "ಅಲ್ರೀ, ಮುದುಕ ಸುಳ್ಳು ಹೇಳತಾನೇನ್ರಿ?" ಅಂದೆ. "ಕಿವಿ ಮೋಸ ಮಾಡತೈತಿ ತಂಗಿ. ಕಣ್ಣು ಮಾಡಂಗಿಲ್ಲ" ಅಂದರು.

ಇಂಥವರನ್ನು ನಂಬದೆ ಇನ್ನು ಯಾರನ್ನು ನಂಬಬೇಕಿತ್ತು?

ಈಗ ನಮ್ಮೂರಿನ ಒಡ್ಡಿನ ಮಾತು ಹೇಳಬೇಕು. ಹಾನಗಲ್ ತಾಲೂಕಿನ ಅಂಚಿನ ಹಳ್ಳಿ ನಮ್ಮದು. ಊರ ಪಕ್ಕದ ಹೊಳೆಗೆ ಅಡ್ಡಲಾಗಿ ಅರಸರ ಕಾಲದ ಕಲ್ಲಿನ ಒಡ್ಡು. ಗಾರೆ ಇಲ್ಲ, ಕಲ್ಲಿಗೆ ಕಲ್ಲು ಕಚ್ಚಿಸಿ ಕಟ್ಟಿದ್ದು. ದಂಡೆಯಲ್ಲಿ ಸವೆದ ಅಕ್ಷರದ ಒಂದು ಶಾಸನದ ಕಲ್ಲು, ನಾವು ಮಕ್ಕಳು ಅದರ ಮೇಲೆ ಹುಣಸೆಹಣ್ಣು ಕುಟ್ಟುತ್ತಿದ್ದೆವು. ಒಡ್ಡಿನ ನಡುವೆ ಎರಡು ಆಳೆತ್ತರದ ಕಂಬಗಳ ಮಧ್ಯೆ ಒಂದು ಗಂಡಿ, ಎಂದರೆ ಬೇಕೆಂದೇ ಬಿಟ್ಟ ಸಂದು. ಅದಕ್ಕೆ ಲಕ್ಕಿ ಗಿಡದ ಪೆಂಡಿ, ಹುಲ್ಲು, ಜೇಡಿಮಣ್ಣು ತುಂಬಿ ಕಟ್ಟುತ್ತಿದ್ದರು. ಮಿರಗದ ಮಳೆ, ಎಂದರೆ ಮುಂಗಾರಿನ ಮೃಗಶಿರ, ಕೂಡಿದ ದಿನ ಪೆಂಡಿ ಎಳೆದು ಗಂಡಿ ಬಿಚ್ಚುವುದು. ಹೊಸ ನೀರು ಹೂಳನ್ನೆಲ್ಲ ಬಳಿದುಕೊಂಡು ಸವಣೂರಿನ ಕಡೆಯ ಕೆಳಗಿನ ಊರುಗಳಿಗೆ ಹೋಗುವುದು. ದಸರೆಯ ಬನ್ನಿ ಹಬ್ಬ ಮುಗಿದ ಮರುದಿನ ಮತ್ತೆ ಕಟ್ಟುವುದು. ಆಗ ನಿಂತ ನೀರಿನಲ್ಲಿ ನಮ್ಮ ಎರಡನೆಯ ಭತ್ತ.

ಮೊದಲ ಪೆಂಡಿ ಎಳೆಯುವ ಹಕ್ಕು ನಮ್ಮ ಮನೆತನದ್ದು. ಎಳೆಯುವ ಮುಂಚೆ ನಮ್ಮ ಅಪ್ಪ ನೀರಿಗೆ ಕೈಮುಗಿದು, "ಬಿಚ್ಚತೇನಿ, ಕಟ್ಟತೇನಿ" ಎಂದು ಮೂರು ಸಲ ಹೇಳಬೇಕು. ಎರಡೂ ಮಾತು ಒಂದೇ ಉಸಿರಿನಲ್ಲಿ. ಬರಿಯ "ಬಿಚ್ಚತೇನಿ" ಎಂದು ಒಡ್ಡಿನ ಮೇಲೆ ಯಾರೂ ಹೇಳುವಂತಿಲ್ಲ. ನಾನು ಚಿಕ್ಕವಳಿದ್ದಾಗ ಒಮ್ಮೆ ಆಟಕ್ಕೆ ಹಾಗೆ ಕೂಗಿದ್ದಕ್ಕೆ ಅವ್ವ ಬಾಯಿಯ ಮೇಲೆ ಹೊಡೆದಿದ್ದಳು.

ನಾನು ಕನ್ನಡ ಶಾಲೆ ಕಲಿಯುವಾಗ ಯಾರೋ ಗುತ್ತಿಗೆದಾರ ಬಂದು ದುರಸ್ತಿಯ ಹೆಸರಿನಲ್ಲಿ ಆ ಗಂಡಿಗೆ ಸಿಮೆಂಟು ಮೆತ್ತಿಹೋದ. ಅಲ್ಲಿಂದ ಕೆಳಗೆ ಹೊಳೆ ಸತ್ತಿತು, ಮೇಲೆ ನಮಗೆ ಹೂಳು ತುಂಬಿತು. ಬೇಸಿಗೆ ಬಂತೆಂದರೆ ಕೆಳಗಿನ ಊರಿನವರು ಹಾರೆ ಹಿಡಿದು ಒಡ್ಡು ಒಡೆಯಲು ಬರುವುದು, ನಮ್ಮವರು ಬಡಿಗೆ ಹಿಡಿದು ನಿಲ್ಲುವುದು. ಅಂಥ ಒಂದು ಜಗಳದ ನಡುವೆ ಓವರ್‌ಸೀರರು ಮೊದಲ ಸಲ ನಮ್ಮೂರಿಗೆ ಬಂದರು. ನಾನೂ ಜೊತೆಗಿದ್ದೆ. ಒಡ್ಡಿನ ಹತ್ತಿರ ಬಂದವರೇ ಬೂಟು ಕಳಚಿ ಕೈಯಲ್ಲಿ ಹಿಡಿದರು.

"ಯಾಕ್ರೀ ಸಾಹೇಬ್ರ, ಕಲ್ಲು ಕಾದಾವು, ಕಾಲು ಸುಡತಾವು" ಅಂದ ಅಪ್ಪ.

"ಹಿರ್ಯಾರ ಬೆನ್ನ ಮ್ಯಾಲೆ ಬೂಟು ಹಾಕ್ಕೊಂಡು ಹ್ಯಾಂಗ ನಡೀಲ್ರಿ ಗೌಡ್ರ?"

ಅಷ್ಟೇ ಸಾಕಾಯಿತು ಅಪ್ಪನಿಗೆ. ಅವತ್ತಿನಿಂದ "ಸಾಹೇಬ್ರು" ಎಂದರೆ ನಮ್ಮ ಮನೆಯಲ್ಲಿ ಅವರೊಬ್ಬರೇ. ಬಡಿಗೆ ಹಾರೆ ಎಲ್ಲ ಕೆಳಗಿಡಿಸಿ, ಎರಡೂ ಕಡೆಯವರನ್ನು ಒಡ್ಡಿನ ಮೇಲೆಯೇ ಕೂರಿಸಿಕೊಂಡು, ಮೊದಲು ಹೇಗಿತ್ತು ಎಂದು ಕೇಳಿದರು. ಗಂಡಿಯ ಕತೆ ಪೂರ್ತಿ ಕೇಳಿ ತೊಡೆ ತಟ್ಟಿದರು. "ಅಂದ್ರ ಒಡ್ಡೂ ಉಳೀತೈತಿ, ಹೊಳೀನೂ ಉಳೀತೈತಿ. ಮತ್ತ್ಯಾಕ ಬಡದಾಡಾಕತ್ತೀರಿ? ಹಿರ್ಯಾರು ಮೊದಲ ಎಲ್ಲಾ ಮಾಡಿಟ್ಟಾರ!"

ಮರುವರ್ಷ ಬೇಸಿಗೆಯಲ್ಲಿ, ಮೇಲಿನ ಕಚೇರಿಯ ಅಪ್ಪಣೆಗೂ ಕಾಯದೆ, ತಮ್ಮದೇ ಜವಾಬ್ದಾರಿಯ ಮೇಲೆ ಸಿಮೆಂಟು ಒಡೆಸಿದರು. ಎರಡೂ ಕಡೆಯವರು ಕೂಡಿ ಲಕ್ಕಿ ಕಡಿದು ತಂದು ಹಳೆಯ ಪದ್ಧತಿಯಂತೆ ಗಂಡಿ ಕಟ್ಟಿದರು. ಮಿರಗ ಕೂಡಿತು. ಅಪ್ಪ ಎಷ್ಟೋ ವರ್ಷದ ಮೇಲೆ ಮಡಿಯುಟ್ಟು ನೀರಿಗಿಳಿದ. ತುಟಿ ಅಲುಗಿದ್ದು ಕಂಡಿತು, ಪೆಂಡಿ ಎಳೆದ. ಅಬ್ಬಾ, ಆ ನೀರಿನ ಸಪ್ಪಳ! ಕೆಳಗಿನ ಊರಿನ ಹೆಂಗಸರು ಒಣಗಿದ ಹೊಳೆಯ ದಂಡೆಗುಂಟ ನೀರಿನ ಜೊತೆ ಓಡಿದರು. ಓವರ್‌ಸೀರರು ಬರಿಗಾಲಲ್ಲಿ ಒಡ್ಡಿನ ಮೇಲೆ ನಿಂತು ಅಳುತ್ತಿದ್ದರು, ಒರೆಸಿಕೊಳ್ಳಲೂ ಇಲ್ಲ.

"ನಿಮ್ಮಪ್ಪ ಏನಂದ್ರು? ಏನೋ ಅಂದ್ರಲ್ಲ?" ಎಂದು ನನ್ನ ಕಡೆ ತಿರುಗಿ ಕೂಗಿದರು.

"ಬಿಚ್ಚತೇನಿ, ಕಟ್ಟತೇನಿ ಅಂದ್ರ್ರಿ! ಎರಡೂ ಕೂಡಿಸೇ ಹೇಳಬೇಕ್ರಿ! ಒಂದ ಹೇಳಿದ್ರ ಹೊಳೀಗೆ ಮಾತು ತಪ್ಪಿದಂಗ್ರಿ!" ಎಂದು ನಾನೂ ಗಂಟಲು ಹರಿದುಕೊಂಡೆ.

ಅವರು ತಲೆಯಾಡಿಸಿದರು. ಕೇಳಿಸಿ ಆಡಿಸಿದರೋ, ಸುಮ್ಮನೆ ಆಡಿಸಿದರೋ, ಆ ಸಪ್ಪಳದಲ್ಲಿ ಹೇಳಲಾಗದು. ಈ ತಲೆಯಾಡಿಸಿದ್ದನ್ನು ನಾನು ಮುಂದೆ ಎಷ್ಟು ವರ್ಷ ನೆನೆಸಿಕೊಂಡೆನೋ, ಲೆಕ್ಕವಿಲ್ಲ.

ಬನ್ನಿಯ ಮರುದಿನ ಕಟ್ಟುವಾಗಲೂ ಬಂದರು, ತಾವೇ ಪೆಂಡಿ ಹೊತ್ತರು. ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಮೇಲಿನ ಕಚೇರಿಯಿಂದ ಪ್ರಶ್ನೆ ಬಂತು. ಒಡ್ಡನ್ನು ವರ್ಷವರ್ಷ ಬಿಚ್ಚಿ ಕಟ್ಟುವ ಹುದ್ದೆ ಇಲಾಖೆಯಲ್ಲಿ ಇಲ್ಲ, ಆ ಕೆಲಸಕ್ಕೆ ಜವಾಬ್ದಾರರು ಯಾರು? ಇಟ್ಟರೆ ಭದ್ರ ಗೋಡೆ ಇಡಿ, ಇಲ್ಲವೇ ತೆಗೆದು ಹೊಳೆಯನ್ನು ಹೊಳೆಯಾಗಿ ಬಿಡಿ. ಮೂರು ಸಲ ಉತ್ತರ ಬರೆದರು, ಮೂರೂ ನಾನೇ ಟೈಪು ಮಾಡಿದೆ. ಮೂರಕ್ಕೂ ಅದೇ ಪ್ರಶ್ನೆ ತಿರುಗಿ ಬಂತು. ಆ ದಿನಗಳಲ್ಲಿ ಅವರ ಮಾತು ಕಡಿಮೆಯಾಯಿತು. ಒಂದು ಸೋಮವಾರ ಎಲೆ ಒರೆಸುತ್ತ, "ಸಿಮೆಂಟು ಮತ್ತ ಮೆತ್ತಿಸಿದ್ರ ಅವ್ವಗ ಮುಖಾ ಹ್ಯಾಂಗ ತೋರಸ್ಲಿ ತಂಗಿ?" ಅಂದರು. ನಾನು ಎಲೆ ಇಸಿದುಕೊಂಡು ಬಾಯಿಗಿಟ್ಟೆ. ಆಗಲೇ ಜಗಳವಾಡಬೇಕಿತ್ತು ಎಂದು ಈಗ ಅನಿಸುತ್ತದೆ.

ಮುಂದಿನ ವಾರ, ಊರಿನವರ ಅರ್ಜಿ ಇದ್ದರೆ ಕೆಲಸವಾಗುತ್ತದೆ ಎಂದರು. ನಾನು ಬರೆದೆ: "ಪ್ರತಿ ವರ್ಷ ಮಿರಗಕ್ಕೆ ಒಡ್ಡು ಬಿಚ್ಚಿ, ಬನ್ನಿಗೆ ಕಟ್ಟಿ ಕೊಡಬೇಕು." ಅವರು ಕೆಂಪು ಪೆನ್ಸಿಲು ತೆಗೆದು ಅರ್ಧಕ್ಕರ್ಧ ಹೊಡೆದುಹಾಕಿದರು. ಉಳಿದದ್ದು: "ಒಡ್ಡು ಬಿಚ್ಚಿ ಕೊಡಬೇಕು."

"ಅಲ್ರೀ, ಕಟ್ಟೋದು?"

"ಬಿಚ್ಚಿದ ಮ್ಯಾಲೆ ಕಟ್ಟೋದು ಇದ್ದ ಐತಲ್ಲವಾ. ಅರ್ಜಿ ಸಣ್ಣದಿದ್ರ ಮ್ಯಾಲಿನ ಸಾಹೇಬ್ರು ಓದತಾರ. ಉದ್ದ ಬರದಿ ಅಂದ್ರ ಇನ್ನೊಂದ ವರ್ಷ ಮಲಗತೈತಿ."

ಟೈಪು ಮಾಡಿ ಊರಿಗೆ ಒಯ್ದೆ. ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಇನ್ನೂ ಏನೋ ಇದೆಯೆಂದು ಕಾದ. "ಅರ್ಧಾನ ಬರದಿಯಲ್ಲವಾ" ಅಂದ. "ಸಾಹೇಬ್ರ ಹೇಳ್ಯಾರಪ್ಪಾ" ಅಂದೆ. "ಸಾಹೇಬ್ರ ಹೇಳ್ಯಾರಂದ್ರ ಆತ ಬಿಡು" ಎಂದು ಮೊದಲ ಸಹಿ ತಾನೇ ಹಾಕಿದ. ಅಪ್ಪನ ಸಹಿ ನೋಡಿ ಊರೆಲ್ಲ ಹಾಕಿತು. ಅರ್ಜಿಯ ಮೇಲಿಡುವ ಪತ್ರವನ್ನು ನನಗೆ ಕೊಡುತ್ತಾರೆಂದು ಮಷಿನ್ನಿನ ಮುಂದೆ ಕುಳಿತಿದ್ದೆ. ಅದೊಂದನ್ನು ಅವರು ಇಂಗ್ಲಿಷಿನಲ್ಲಿ, ತಮ್ಮ ಕೈಯಾರೆ ಬರೆದರು, ತಾವೇ ಒಯ್ದು ಕೊಟ್ಟು ಬಂದರು. ಕಾಲುವೆಗೆ ಕಾಲುವೆ ಎಂದೇ ಬರೆಯಬೇಕೆಂದ ಮನುಷ್ಯ! ನನಗೆ ಆಗಲೂ ಹೊಳೆಯಲಿಲ್ಲ. ಪೆದ್ದಿ ನಾನು.

ಸುಗ್ಗಿ ಮುಗಿದ ಮೇಲೆ ಟ್ರ್ಯಾಕ್ಟರು, ಸರಪಳಿ, ನಲವತ್ತು ಆಳು ಬಂದಿಳಿದರು. ಗಂಡಿಯ ಕಡೆ ಆ ಆಳುಗಳು ಹೊರಳಿಯೂ ನೋಡಲಿಲ್ಲ, ದಂಡೆಯಿಂದಲೇ ಕಲ್ಲು ಎಳೆಯತೊಡಗಿದರು. ಅಪ್ಪ ಅಡ್ಡ ಹೋಗಿ ನಿಂತ. ಅವರ ಮುಕಾದಮ ಜೇಬಿನಿಂದ ನಾನು ಟೈಪು ಮಾಡಿದ ಕಾಗದದ ನಕಲು ತೆಗೆದ. "ಇದು ನಿಮ್ದ ಸಹಿ ಹೌದಲ್ಲರೀ? ಒಡ್ಡು ಬಿಚ್ಚಿ ಕೊಡ್ರಿ ಅಂತ ನೀವ ಕೇಳೀರಿ. ಬಿಚ್ಚಾಕತ್ತೇವಿ. ಸರೀರಿ ಬಾಜೂಕ."

ಅಪ್ಪ ನನ್ನ ಕಡೆ ನೋಡಿದ. ಬೈದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ಓವರ್‌ಸೀರರು ಬಂದರು. ಅರ್ಧ ಕಿತ್ತ ಒಡ್ಡಿನ ಮೇಲೆ ನಿಂತು ಕೈಮುಗಿದರು. "ಮ್ಯಾಲಿನವರು ಬ್ಯಾರೆ ಸೀಮಿಯವರ್ರಿ ಗೌಡ್ರ. ನಮ್ಮ ಮಾತು ಅವರಿಗೆ ತಿಳೀಲಿಲ್ಲ. ಬಿಚ್ಚೋದಂದ್ರ ಕಿತ್ತು ಹಾಕೋದು ಅಂತ ತಿಳಕೊಂಡ್ರು. ನನ್ನ ಕೈಯಾಗ ಏನೈತಿ?" ನಾನು ನಂಬಿದೆ. ಕಾಲಿನಲ್ಲಿ ಬೂಟು ಇದ್ದದ್ದನ್ನು ಕಂಡೂ ನಂಬಿದೆ.

ಕಲ್ಲುಗಳು ಎಲ್ಲೆಲ್ಲಿಯೋ ಹೋದವು. ಶಾಸನದ ಕಲ್ಲು ಎಲ್ಲಿ ಹೋಯಿತೆಂದು ಇವತ್ತಿಗೂ ಗೊತ್ತಿಲ್ಲ. ಊರಿನಲ್ಲಿ ಒಂದೇ ಮಾತು: ಗೌಡರ ಮಗಳು ಅರ್ಧ ಬರೆದಳು, ಒಡ್ಡು ಹೋಯಿತು. ನಾನು ಬಂದರೆ ಹೆಂಗಸರು ಕೊಡ ಎತ್ತಿಕೊಂಡು ನಡೆದುಬಿಡುವರು. ಹಾನಗಲ್ಲಿನಲ್ಲಿ ಒಂದು ಖೋಲಿ ಹಿಡಿದೆ. ಅವರಿಗೆ ಅದೇ ವರ್ಷ ಹಿರೇಕೆರೂರಿಗೆ ವರ್ಗವಾಯಿತು. ಹೋಗುತ್ತೇನೆ ಎಂದು ನನಗೆ ಹೇಳಲಿಲ್ಲ, ಒಂದು ಸೋಮವಾರ ಎಲೆ ಬರಲಿಲ್ಲ ಅಷ್ಟೇ. ಅದೂ ನನ್ನ ತಪ್ಪಿನಿಂದ ನೊಂದು ಹೋದರೆಂದೇ ತಿಳಿದೆ!

ಅಪ್ಪ ನನಗೆ ಒಂದು ದಿನವೂ ಬೈಯಲಿಲ್ಲ. ಆದರೆ ನಾನು ಊರಿಗೆ ಹೋದಾಗೊಮ್ಮೆ, ಉಂಡು ಕೈ ತೊಳೆದು, ಅದೊಂದು ಪ್ರಶ್ನೆ ಕೇಳುತ್ತಿದ್ದ. "ಅವತ್ತು ನೀರಿನ ಸಪ್ಪಳದಾಗ ನೀ ಹೇಳಿದ್ದು ಸಾಹೇಬ್ರಿಗೆ ಕೇಳಿಸಿತ್ತೇನವಾ?" ಕೇಳಿಸಿದ್ದರೆ ಅವರು ಅರ್ಧ ಹೊಡೆದುಹಾಕುತ್ತಿರಲಿಲ್ಲ, ಹೀಗೆಂದು ಅಪ್ಪನ ಲೆಕ್ಕಾಚಾರ. ನನ್ನದೂ ಅದೇ. "ಕೇಳಿಸಿರಲಿಕ್ಕಿಲ್ಲಪ್ಪಾ" ಅನ್ನುತ್ತಿದ್ದೆ. "ನೀ ಇನ್ನೊಂಚೂರು ಜೋರಾಗಿ ಹೇಳಬೇಕಿತ್ತು" ಅನ್ನುತ್ತಿದ್ದ. ಸಾಯುವ ಮುಂದಿನ ವಾರವೂ ಅದನ್ನೇ ಕೇಳಿದ. ಅದೇ ಉತ್ತರ ಕೊಟ್ಟೆ.

ಹೊಳೆಯ ಮಾತನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನೂ ಅರ್ಧ ಬರೆದಂತಾಗುತ್ತದೆ. ಕೆಳಗೆ ಹೊಳೆ ಚೆನ್ನಾಗಿ ಹರಿಯುತ್ತದೆ. ಮೀನು ಬಂದಿವೆ. ಸವಣೂರಿನ ಕಡೆ ಎಲೆಬಳ್ಳಿಯ ತೋಟಗಳು ಹಸಿರಾಗಿವೆ ಎಂದು ಬಸ್ಸಿನಲ್ಲಿ ಜನ ಮಾತಾಡುವುದನ್ನು ಕೇಳಿದ್ದೇನೆ. ನಮ್ಮೂರಿನಲ್ಲಿ ಎರಡನೆಯ ಭತ್ತ ಇಲ್ಲ. ಸವಣೂರಿನ ಎಲೆಯನ್ನು ನಾನು ಬಾಯಿಗಿಟ್ಟು ಎಷ್ಟೋ ವರ್ಷವಾಯಿತು.

ಅಪ್ಪ ಹೋದ ಮರುವರ್ಷ ಅವರು ಪಿಂಚಣಿಯ ಕಾಗದಕ್ಕೆಂದು ನಮ್ಮ ಕಚೇರಿಗೆ ಬಂದಿದ್ದರು. ನನ್ನ ಎದುರಿಗೆ ಅದೇ ಕುರ್ಚಿಯಲ್ಲಿ ಕುಳಿತರು. ಒದ್ದೆ ಬಟ್ಟೆ ಬಿಡಿಸಿ ಒಂದು ಎಲೆ ತೆಗೆದರು.

"ಅಪ್ಪ ಆರಾಮ ಅದಾರೇನವಾ?"

"ಹೋದ್ರ್ರಿ. ಹೋದ ವರ್ಷ."

ಎಲೆಯನ್ನು ಒರೆಸುತ್ತ ಕುಳಿತರು. ಒರೆಸಿ ಒರೆಸಿ ಅದು ಹರಿಯಿತು. "ಹೊಳಿ ಚಲೋ ಹರಿಯಾಕತ್ತೈತಿ ತಂಗಿ" ಅಂದರು. "ಹೌದ್ರಿ" ಅಂದೆ. ಹರಿದ ಎಲೆಯನ್ನು ಜೇಬಿಗಿಟ್ಟುಕೊಂಡು ಎದ್ದುಹೋದರು.

ಸುದ್ದಿ ಬಂದ ವಾರ ರಜೆ ಹಾಕಿ ಹಿರೇಕೆರೂರಿಗೆ ಹೋದೆ. ಮನೆಯವರನ್ನು ಮಾತಾಡಿಸಿ ಬರುವುದು ರೀತಿ. ಅವರ ಹೆಂಡತಿ ಚಾಪೆ ಹಾಸಿ, "ಕುಂದರ್ರಿ" ಎಂದು ಒಳಗಿನಿಂದ ಆ ಖಾಕಿ ವಹಿ ತಂದು ನನ್ನ ಕೈಗಿಟ್ಟರು. "ನಿಮಗ ಕೊಡಬೇಕಂತ ಹೇಳಿದ್ರು. ನಾ ಇದ್ದಾಗ ಬ್ಯಾಡ, ಹೋದ ಮ್ಯಾಲೆ ಕೊಡು ಅಂದ್ರು. ಯಾಕಂತ ಕೇಳಿದ್ರ ಹೇಳಲಿಲ್ಲರೀ." ನನಗೆ ಕಣ್ಣು ತುಂಬಿ ಬಂತು. ಅಷ್ಟು ಪ್ರೀತಿಯ ವಹಿಯನ್ನು ನನಗೆ ಬಿಟ್ಟರಲ್ಲ ಎಂದು.

ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ವಹಿ ತೆಗೆದೆ. ಇಲಿಗಣ್ಣು, ಕಂಡೆ. ಲಕ್ಕಿ ಪೆಂಡಿ, ಕಂಡೆ. ಹೊಳೆಯ ಹೊಸ ನೀರಿನ ಬಣ್ಣಕ್ಕೆ ನಾಲ್ಕು ಮಾತು, ನಾಲ್ಕಕ್ಕೂ ಕಂಡೆ. ಮುಂದಿನ ಪುಟ ತಿರುವಿದೆ. ಅವರ ದುಂಡನೆಯ ಅಕ್ಷರ.

"ಬಿಚ್ಚತೇನಿ-ಕಟ್ಟತೇನಿ: ಗಂಡಿ ತೆರೆಯುವಾಗಿನ ಮಾತು. ಎರಡಲ್ಲ, ಒಂದೇ ಮಾತು. ಬಿಡಿಸಿ ಹೇಳಬಾರದು, ಬಿಡಿಸಿ ಬರೆಯಬಾರದು. ಬರೆದರೆ ಹೊಳೆಗೆ ಮಾತು ತಪ್ಪಿದಂತೆ."

ಕೆಳಗೆ ಕೆಂಪು ಪೆನ್ಸಿಲಿನಲ್ಲಿ "ಕಂಡೆ". ತಾರೀಕು ಅದೇ ಮಿರಗದ್ದು, ಅಪ್ಪ ಮೊದಲ ಪೆಂಡಿ ಎಳೆದ ದಿನದ್ದು.

ಬೇರೆ ಏನೂ ಬರೆದಿರಲಿಲ್ಲ. ಹಾಳೆ ತಿರುವಿ ಹಿಂದೆ ನೋಡಿದೆ, ರಟ್ಟಿನ ಒಳಗೆ ನೋಡಿದೆ. ತಪ್ಪಾಯಿತು ಎಂಬ ಒಂದು ಅಕ್ಷರ ಇಲ್ಲ. ಬೆಂಕಿ ಬಿದ್ದಂತಾಯಿತು ಮೈಗೆ. ಗೊತ್ತಿದ್ದೇ ಅರ್ಧ ಹೊಡೆದುಹಾಕಿದ್ದರು, ಇಂಗ್ಲಿಷಿನ ಆ ಪತ್ರವೂ ಅದಕ್ಕೇ. ಹೊಳೆಯ ಪರ ನಿಂತದ್ದು ತಪ್ಪೆಂದು ನಾನು ಹೇಳುವುದಿಲ್ಲ. ಎದುರಿಗೆ ಹೇಳಿದ್ದರೆ ನಾವು ಜಗಳವಾಡುತ್ತಿದ್ದೆವು, ಗೆಲ್ಲುತ್ತಿದ್ದೆವೋ ಸೋಲುತ್ತಿದ್ದೆವೋ, ಅದು ನಮ್ಮ ಜಗಳವಾಗುತ್ತಿತ್ತು. ನನ್ನ ಕೈಯಿಂದಲೇ ಬರೆಸಬೇಕಿತ್ತೇ? ಅಪ್ಪನ ಸಹಿಯೇ ಬೇಕಿತ್ತೇ? ಕಣ್ಣು ಮೋಸ ಮಾಡುವುದಿಲ್ಲ ಎಂದವರು, ಕಂಡದ್ದನ್ನು ಬರೆದಿಟ್ಟುಕೊಂಡು, ಹತ್ತು ವರ್ಷ ನನ್ನನ್ನು ಅಪರಾಧಿ ಮಾಡಿ ಕೂರಿಸಿದರು. ಅಪ್ಪ ಇರುವಾಗಲಾದರೂ ಈ ವಹಿ ಕೊಟ್ಟಿದ್ದರೆ ಏನಾಗುತ್ತಿತ್ತು?

ಹಾನಗಲ್ ಬಂದರೂ ನಾನು ಇಳಿಯಲಿಲ್ಲ. ಟಿಕೀಟು ಮುಂದಕ್ಕೆ ತೆಗೆದುಕೊಂಡು ನಮ್ಮೂರಿನ ದಾರಿ ಕವಲೊಡೆಯುವ ಫಾಟಾದಲ್ಲಿ ಇಳಿದೆ. ಹೊಲದ ಬದುವಿನಲ್ಲಿ ಅಪ್ಪನನ್ನು ಮಣ್ಣು ಮಾಡಿದ ಗದ್ದುಗೆ, ಅಲ್ಲಿಂದ ಹೊಳೆ ಕಾಣುತ್ತದೆ. ಬಿಸಿಲಿತ್ತು. ಸುತ್ತ ಯಾರೂ ಇರಲಿಲ್ಲ. ವಹಿಯನ್ನು ಗದ್ದುಗೆಯ ಮೇಲಿಟ್ಟು ಅಲ್ಲಿಯೇ ಕುಳಿತೆ.

"ಕೇಳಿಸಿತ್ತಪ್ಪಾ" ಅಂದೆ. "ಅವರಿಗೆ ಎಲ್ಲಾ ಕೇಳಿಸಿತ್ತು. ನಾ ಜೋರಾಗೇ ಹೇಳಿದ್ದೆ."